ಬೇಲ್ ಯಾರು ಕೊಡಿಸುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಇರುತ್ತೇವೆ. ನನ್ನ ತಮ್ಮನಿಗೆ 19 ವರ್ಷ. ಅಪ್ಪ ಆಟೋ ಓಡಿಸುತ್ತಿದ್ದರು, ಐದು ವರ್ಷದ ಹಿಂದೆ ತೀರಿಕೊಂಡರು. ಅಮ್ಮ ಎರಡು ಮನೆಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾರೆ, ನಾನು ಗಾರ್ಮೆಂಟ್ಸ್‌ನಲ್ಲಿದ್ದೇನೆ. ತಮ್ಮ ಪಿಯುಸಿ ಅರ್ಧಕ್ಕೆ ಬಿಟ್ಟು ಏರಿಯಾದ ಒಬ್ಬ 'ಅಣ್ಣ'ನ ಹುಡುಗರ ಜೊತೆ ಸೇರಿಕೊಂಡ. ಮೊದಮೊದಲು ಗಣೇಶನ ಚಂದಾ, ಬ್ಯಾನರ್ ಕಟ್ಟುವುದು, ಆಮೇಲೆ ಬಡ್ಡಿ ವಸೂಲಿ. 17 ವರ್ಷದಲ್ಲಿದ್ದಾಗ ಒಂದು ಹೊಡೆದಾಟದ ಕೇಸಾಗಿ ಬಾಲನ್ಯಾಯ ಮಂಡಳಿಯಲ್ಲಿ ಮುಗಿಯಿತು. ಈಗ ಎರಡು ತಿಂಗಳ ಹಿಂದೆ ಇನ್ನೊಂದು ಗುಂಪಿನ ಹುಡುಗನಿಗೆ ಮಚ್ಚಿನಲ್ಲಿ ಹೊಡೆದ ಕೇಸಿನಲ್ಲಿ ನಾಲ್ಕು ಜನರ ಜೊತೆ ಇವನೂ ಜೈಲಿನಲ್ಲಿದ್ದಾನೆ. ಅಟೆಂಪ್ಟ್ ಕೇಸ್, ಅಂದರೆ ಕೊಲೆ ಯತ್ನದ ಕೇಸ್ ಹಾಕಿದ್ದಾರೆ. ನಮ್ಮ ಮಾವ 'ಆರು ತಿಂಗಳು ಒಳಗೇ ಇರಲಿ, ಬುದ್ಧಿ ಬರುತ್ತೆ' ಅನ್ನುತ್ತಾರೆ. ಆ ಅಣ್ಣ ಮನೆಗೇ ಬಂದು 'ಲಾಯರ್, ಶ್ಯೂರಿಟಿ ಎಲ್ಲಾ ನಾನು ನೋಡ್ಕೋತೀನಿ' ಎಂದು 20,000 ರೂಪಾಯಿ ಇಟ್ಟು ಹೋಗಿದ್ದಾನೆ. ನಾವು ಮುಟ್ಟಿಲ್ಲ, ದೇವರ ಗೂಡಿನಲ್ಲಿ ಹಾಗೇ ಇದೆ. ಅಮ್ಮ ಜೈಲಿಗೆ ನೋಡಲು ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ನಮ್ಮ ಸಾಕಣೆಯಲ್ಲೇ ತಪ್ಪಾಯಿತಾ? ಜೈಲಿನಲ್ಲಿ ಅವನು ಸರಿಹೋಗುತ್ತಾನಾ, ಇನ್ನೂ ಹಾಳಾಗುತ್ತಾನಾ? ಆ ಗುಂಪು ಬಿಟ್ಟರೆ ಅವರು ಸುಮ್ನೆ ಬಿಡುತ್ತಾರಾ? ರೌಡಿ ಶೀಟ್ ಓಪನ್ ಆದರೆ ಜೀವನವೇ ಮುಗಿಯಿತು ಅನ್ನುತ್ತಾರೆ, ನಿಜವಾ?

ಉತ್ತರ: ದೇವರ ಗೂಡಿನಲ್ಲಿರುವ ಆ ಇಪ್ಪತ್ತು ಸಾವಿರದಿಂದಲೇ ಶುರು ಮಾಡುತ್ತೇನೆ. ನೀವು ಅದರ ಬಗ್ಗೆ ಏನೂ ಕೇಳಿಲ್ಲ, ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಅಲ್ಲೇ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಜೈಲುಗಳಲ್ಲಿ, ಕೇಸಾದ ಮಕ್ಕಳನ್ನು ಇಡುವ ವೀಕ್ಷಣಾಲಯಗಳಲ್ಲಿ ಹುಡುಗರ ಎದುರು ಕೂತು ಅವರ ಮಾತು ಕೇಳುವುದೇ ನನ್ನ ಕೆಲಸವಾಗಿತ್ತು. ಎರಡನೇ ಸಲ, ಮೂರನೇ ಸಲ ಒಳಗೆ ಬಂದವರನ್ನು 'ಯಾಕೋ ಮತ್ತೆ ಅವರ ಹಿಂದೆ ಹೋದೆ?' ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಹೆಚ್ಚುಕಡಿಮೆ ಒಂದೇ. 'ಏನ್ ಮಾಡ್ಲಿ ಸರ್, ಬೇಲ್ ಕೊಡ್ಸಿದ್ದು ಅಣ್ಣ.' ಮಚ್ಚು ಹಿಡಿದ ಹುಡುಗನಿಗೂ ಅನ್ನದ ಋಣ, ಉಪಕಾರದ ಋಣ ಅಂದರೆ ಭಯವಿದೆ. ಅಣ್ಣನಿಗೆ ಅದು ಚೆನ್ನಾಗಿ ಗೊತ್ತು. ಅವನು ನಿಮ್ಮ ಮನೆಗೆ ಬಂದಿದ್ದು ನಿಮ್ಮ ಕಷ್ಟ ನೋಡಲಾಗದೆ ಇರಬಹುದು, ಸಂಪೂರ್ಣ ನಾಟಕ ಎಂದು ನಾನು ಹೇಳುವುದಿಲ್ಲ, ಆದರೆ ಆ ದುಡ್ಡಿನ ಬಡ್ಡಿಯನ್ನು ನಿಮ್ಮ ತಮ್ಮ ಹೊರಗೆ ಬಂದ ಮೇಲೆ ಮೈಯಿಂದ ತೀರಿಸಬೇಕಾಗುತ್ತದೆ.

ಇನ್ನೊಂದು ಅಪಾಯವೂ ಇದೆ, ಇದು ಕಾನೂನಿನದು. ಐದು ಜನ ಆರೋಪಿಗಳಿಗೂ ಅಣ್ಣನೇ ಒಬ್ಬ ಲಾಯರ್ ಇಟ್ಟರೆ ಆ ಲಾಯರ್ ಯಾರ ಹಿತ ಕಾಯುತ್ತಾರೆ? ಫೀಸು ಕೊಟ್ಟವನದು ತಾನೇ. ನಿಮ್ಮ ತಮ್ಮ ಅವತ್ತು ಬರೀ ಬೈಕ್ ಓಡಿಸಿದ್ದನೋ, ದೂರ ನಿಂತಿದ್ದನೋ, ಅವನೇ ಹೊಡೆದನೋ, ಕೋರ್ಟಿನಲ್ಲಿ ಇದೆಲ್ಲಾ ಬೇರೆ ಬೇರೆ ಆಗಿ ನಿಲ್ಲಬೇಕಾದ ಮಾತು. ಆದರೆ ಗುಂಪಿನ ಲೆಕ್ಕದಲ್ಲಿ ಚಿಕ್ಕ ಹುಡುಗ ಕೇಸನ್ನು ಮೈಮೇಲೆ ಹಾಕಿಕೊಂಡರೆ ದೊಡ್ಡವರಿಗೆ ಹಗುರ. 'ನಿನಗೆ ವಯಸ್ಸು ಚಿಕ್ಕದು, ಬೇಗ ಬರ್ತೀಯ, ಮನೆ ನಾವು ನೋಡ್ಕೋತೀವಿ' ಎಂಬ ಮಾತನ್ನು ನಂಬಿ ಬೇರೆಯವರ ಏಟನ್ನು ತನ್ನದು ಎಂದು ಒಪ್ಪಿಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಮನೆಗೆ ಮೂರು ತಿಂಗಳು ದುಡ್ಡು ಬಂತು, ನಾಲ್ಕನೇ ತಿಂಗಳು ಫೋನೇ ಎತ್ತಲಿಲ್ಲ.

ಹಾಗಾಗಿ ದುಡ್ಡು ವಾಪಸ್ ಕೊಡಿ. ಜಗಳ ಆಡಿ ಕೊಡಬೇಡಿ, ಮುಖಕ್ಕೆ ಎಸೆದ ಹಾಗೆ ಕೊಡಬೇಡಿ, ನೀವು ಒಬ್ಬರೇ ಹೋಗಲೂಬೇಡಿ. ಆ ಮಾವನನ್ನೇ ಕರೆದುಕೊಂಡು ಹೋಗಿ, 'ಸರ್ಕಾರದ ಕಡೆಯಿಂದ ವಕೀಲರು ಸಿಕ್ಕಿದ್ದಾರೆ, ಸದ್ಯಕ್ಕೆ ಬೇಡ, ನಿಮ್ಮ ಉಪಕಾರ ದೊಡ್ಡದು' ಎಂದು ಹೇಳಿಸಿ. ಅವನ ಮಾನವೂ ಉಳಿಯಬೇಕು, ಬಾಗಿಲೂ ಮುಚ್ಚಬೇಕು. ಸುಳ್ಳೂ ಆಗಬಾರದು ಅಂದರೆ ಮೊದಲು ವಕೀಲರನ್ನು ಹುಡುಕಿ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಕೋರ್ಟಿನಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. 'ಫ್ರೀ ಲಾಯರ್ ಸರಿಯಾಗಿ ವಾದ ಮಾಡಲ್ಲ' ಎಂಬ ಮಾತು ಕೇಳಿರುತ್ತೀರಿ. ಕೆಲವರ ವಿಷಯದಲ್ಲಿ ನಿಜ, ದುಡ್ಡು ಕೊಟ್ಟ ಲಾಯರ್‌ಗಳಲ್ಲೂ ಕೆಲವರ ವಿಷಯದಲ್ಲಿ ನಿಜ. ನೀವು ವಾರಕ್ಕೊಮ್ಮೆ ಹೋಗಿ ಎದುರು ನಿಂತರೆ ಫೈಲು ಮುಂದೆ ಹೋಗುತ್ತದೆ.

ಎರಡು ತಿಂಗಳಾಯಿತು ಎಂದಿರಿ. ಇಂಥ ಕೇಸಿನಲ್ಲಿ ಪೊಲೀಸರು 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಬೇಲ್ ಕೇಳುವ ಹಕ್ಕು ತಾನಾಗಿ ಬರುತ್ತದೆ, ಆದರೆ ಅರ್ಜಿಯನ್ನು ಚಾರ್ಜ್‌ಶೀಟ್ ಬೀಳುವ ಮೊದಲೇ ಹಾಕಿರಬೇಕು, ಒಂದು ದಿನ ತಪ್ಪಿದರೂ ಹೋಯಿತು. ಕೋರ್ಟ್ ಮೊದಲ ಸಲ ರಿಮ್ಯಾಂಡ್ ಮಾಡಿದ, ಅಂದರೆ ಕಸ್ಟಡಿಗೆ ಕಳಿಸಿದ ತಾರೀಖು ಬರೆದಿಟ್ಟುಕೊಂಡು ವಕೀಲರಿಗೆ ನೆನಪಿಸಿ. ಶ್ಯೂರಿಟಿಗೆ ಊರಲ್ಲಿ ಪಹಣಿ ಇರುವ ನೆಂಟರು ಯಾರಾದರೂ ಇದ್ದರೆ ಈಗಲೇ ಮಾತಾಡಿ. ಕೋರ್ಟ್ ಮುಂದೆ ಕಮಿಷನ್‌ಗೆ ಶ್ಯೂರಿಟಿ ಕೊಡಿಸುತ್ತೇವೆ ಎಂದು ಬರುವವರ ಹತ್ತಿರ ಹೋಗಬೇಡಿ, ದಾಖಲೆ ನಕಲಿ ಎಂದು ಗೊತ್ತಾದರೆ ಹೊಸ ಕೇಸೇ ಆಗುತ್ತದೆ. ಬೇಲ್ ಸಿಕ್ಕಿಯೂ ದುಡ್ಡಿಲ್ಲದೆ ಒಳಗೇ ಉಳಿದ ಬಡ ವಿಚಾರಣಾಧೀನ ಕೈದಿಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ, ಜಿಲ್ಲಾ ಮಟ್ಟದ ಸಮಿತಿ ತೀರ್ಮಾನಿಸುತ್ತದೆ. ಎಲ್ಲರಿಗೂ ಸಿಗುವುದಿಲ್ಲ. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಇನ್ನು ನಿಮ್ಮ ಸಾಕಣೆ. ಒಂದೇ ಮನೆ, ಒಂದೇ ಅಮ್ಮ, ಅದೇ ಬಡತನ. ನೀವು ದಿನಾ ಬೆಳಗ್ಗೆ ಫ್ಯಾಕ್ಟರಿಗೆ ಹೋಗುತ್ತೀರಿ, ಅವನು ಬೇರೆ ಕಡೆ ಹೋದ. ಸಾಕಣೆಯೊಂದೇ ಕಾರಣವಾಗಿದ್ದರೆ ಇದು ಹೇಗಾಯಿತು? ಬಡತನ ಕಾರಣ ಅನ್ನುವವರಿಗೂ ನಾನು ಇದನ್ನೇ ಕೇಳುತ್ತೇನೆ: ನಿಮ್ಮ ರಸ್ತೆಯಲ್ಲಿ ಆ ವಯಸ್ಸಿನ ನಲವತ್ತು ಹುಡುಗರಿದ್ದರೆ ಅಣ್ಣನ ಹಿಂದೆ ಹೋದವರು ಮೂರೋ ನಾಲ್ಕೋ. ಸಿನಿಮಾ ನೋಡಿ ಹಾಳಾದ ಅನ್ನುವುದು ಇನ್ನೂ ಸುಲಭದ ಮಾತು. ಲಾಂಗು ಹಿಡಿದ ಹೀರೊನನ್ನು ನಲವತ್ತೂ ಜನ ಶಿಳ್ಳೆ ಹೊಡೆದು ನೋಡಿದ್ದಾರೆ. ಸಿನಿಮಾದಿಂದ ಕೂದಲು, ನಡಿಗೆ, ಡೈಲಾಗ್ ಬರುತ್ತದೆ, ರೀಲ್ಸ್‌ನಲ್ಲಿ ಹಾಕಲು ಮ್ಯೂಸಿಕ್ ಬರುತ್ತದೆ. ಬೆಳಗ್ಗೆ ಎದ್ದು ಹೋಗಬೇಕಾದ ಒಂದು ಜಾಗ ಬರುವುದಿಲ್ಲ.

ಆ ಜಾಗ ಅನ್ನುವುದೇ ಮುಖ್ಯ. ಕಾಲೇಜು ಬಿಟ್ಟ ಹುಡುಗನಿಗೆ ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಎಲ್ಲಿಗೆ ಹೋಗುವುದು ಎಂಬುದೇ ದೊಡ್ಡ ಸಮಸ್ಯೆ. ಮನೆಯಲ್ಲಿ ಕೂತರೆ ಬೈಗುಳ, ಮನೆಯೋ ಒಂದೇ ರೂಮು. ಬೀದಿ ತುದಿಯ ಟೀ ಅಂಗಡಿ ಹತ್ತಿರ ನಿಂತರೆ ಪೊಲೀಸರು ಓಡಿಸುತ್ತಾರೆ. ಅಣ್ಣನ ಆಫೀಸು ಅಂತ ಒಂದಿರುತ್ತದೆ, ಅಲ್ಲಿ ಯಾರೂ 'ಏನು ಕೆಲಸ ಮಾಡ್ತಿದ್ದೀಯ?' ಎಂದು ಕೇಳುವುದಿಲ್ಲ. ಹಬ್ಬಕ್ಕೆ ಹಾಕಿದ ಫ್ಲೆಕ್ಸ್‌ನ ಕೆಳಗಿನ ಸಾಲಿನಲ್ಲಿ ಇವನ ಫೋಟೋ ಬರುತ್ತದೆ, ಹೆಸರಿನ ಜೊತೆ. ಮೂರು ವಿಷಯದಲ್ಲಿ ಫೇಲಾದ ಹುಡುಗನ ಹೆಸರನ್ನು ಅದಕ್ಕೂ ಮೊದಲು ಯಾರು ಪ್ರಿಂಟ್ ಮಾಡಿಸಿದ್ದರು ಹೇಳಿ?

ಅದಕ್ಕಿಂತ ಹೆಚ್ಚು ಜನರನ್ನು ಎಳೆಯುವುದು ಹೆದರಿಕೆ. ಧೈರ್ಯ ಜಾಸ್ತಿ ಇರುವವರು ರೌಡಿ ಗುಂಪು ಸೇರುತ್ತಾರೆ ಎಂದುಕೊಂಡಿದ್ದೇವೆ, ನಾನು ಕಂಡ ಹುಡುಗರಲ್ಲಿ ಎಷ್ಟೋ ಜನ ಮೊದಲು ಏಟು ತಿಂದವರು. ಒಬ್ಬನ ಕಥೆ ಹೇಳುತ್ತೇನೆ. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಪಕ್ಕದ ಏರಿಯಾದ ಮೂವರು 'ಗುರಾಯಿಸ್ತೀಯಾ?' ಎಂದು ಹೊಡೆದು ಮೊಬೈಲ್ ಕಿತ್ತುಕೊಂಡರು. ಸ್ಟೇಷನ್‌ಗೆ ಹೋದರೆ ಬಿಲ್ ತಾ ಅಂದರು. ತಮ್ಮ ಏರಿಯಾದ ಅಣ್ಣನಿಗೆ ಹೇಳಿದ, ಮಾರನೇ ದಿನ ಬೆಳಗ್ಗೆ ಮೊಬೈಲ್ ಮನೆಗೆ ಬಂತು, ಕಿತ್ತುಕೊಂಡವನೇ ತಂದು ಕೊಟ್ಟ. 'ಅವತ್ತಿಂದ ಅಣ್ಣ ಕರೆದಾಗ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಸರ್' ಅಂದ. ನೋಡಿ, ಅಲ್ಲೂ ಋಣವೇ. ನಿಮ್ಮ ತಮ್ಮನನ್ನು ಒಂದು ದಿನ ಸಮಾಧಾನದಲ್ಲಿ ಕೇಳಿ, ಮೊದಲು ಅಣ್ಣ ಅವನಿಗೆ ಮಾಡಿದ ಉಪಕಾರ ಏನು ಅಂತ. ಅಪ್ಪ ತೀರಿಹೋದ ಕಾಲದಲ್ಲಿ ಏನೋ ಒಂದು ಇದ್ದೇ ಇರುತ್ತದೆ.

ದುಡ್ಡು? ದುಡ್ಡಿಗಾಗಿ ಸೇರುತ್ತಾರೆ ಎಂಬುದು ಅರ್ಧ ಸತ್ಯ. ಶಿಕಾಗೋದ ಡ್ರಗ್ಸ್ ಮಾರುವ ಗ್ಯಾಂಗೊಂದರ ಲೆಕ್ಕದ ಪುಸ್ತಕವೇ ಸಂಶೋಧಕರ ಕೈಗೆ ಸಿಕ್ಕಿತ್ತು. ಕೂಡಿ ಕಳೆದು ನೋಡಿದರೆ ತಳದ ಹುಡುಗರ ಗಳಿಕೆ ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ, ಅವರಲ್ಲಿ ಎಷ್ಟೋ ಜನ ಅಮ್ಮನ ಮನೆಯಲ್ಲೇ ಇದ್ದರು. ನಮ್ಮಲ್ಲೂ ಹಾಗೇ. ಬಡ್ಡಿ, ಸೈಟ್ ಸೆಟ್ಲ್‌ಮೆಂಟ್, ಹಫ್ತಾ ಎಲ್ಲವೂ ಮೇಲಿನ ಇಬ್ಬರು ಮೂವರಿಗೆ. ಕೆಳಗಿನ ಹುಡುಗನಿಗೆ ಪೆಟ್ರೋಲ್, ಬಿರಿಯಾನಿ, ಎಣ್ಣೆ, ಆಗಾಗ ಐನೂರು. ಎಂಬತ್ತರ ದಶಕದ ಬೆಂಗಳೂರನ್ನು ನೆನೆಸಿಕೊಂಡು ಈಗಿನ ಹುಡುಗರೂ ಮಾತಾಡುತ್ತಾರೆ. ಆಗಿನ ದೊಡ್ಡ ರೌಡಿಗಳಲ್ಲಿ ಕೊತ್ವಾಲ್ ರಾಮಚಂದ್ರ 1986ರಲ್ಲಿ ಕೊಲೆಯಾದ, ಜಯರಾಜ್ 1989ರಲ್ಲಿ. ಅವರಿಬ್ಬರ ಹೆಸರು ಇವರಿಗೆಲ್ಲಾ ಬಾಯಿಪಾಠ. ಅವರ ಹಿಂದೆ ಬೈಕ್‌ನಲ್ಲಿ ಕೂತಿದ್ದವರ ಒಂದು ಹೆಸರು ಹೇಳಪ್ಪಾ ಅಂದರೆ ಸುಮ್ಮನಾಗುತ್ತಾರೆ. ನಿಮ್ಮ ತಮ್ಮ ಈಗ ಇರುವುದು ಆ ಹಿಂದಿನ ಸೀಟಿನಲ್ಲಿ.

ಈಗ ಮಾವನ ಮಾತು. 'ಒಳಗಿದ್ದು ಬುದ್ಧಿ ಬರಲಿ.' ಎಷ್ಟೋ ಅಪ್ಪಂದಿರು ಮಗನನ್ನು ಪರಿಚಯದ ಪೊಲೀಸರ ಹತ್ತಿರ ಕರೆದುಕೊಂಡು ಹೋಗಿ 'ಒಂದ್ಸಲ ಬೆದರಿಸಿ ಕಳಿಸಿ ಸರ್' ಅನ್ನುವುದೂ ಇದೇ ನಂಬಿಕೆಯಿಂದ. ಇದನ್ನು ಅಮೆರಿಕದಲ್ಲಿ ದೊಡ್ಡದಾಗಿಯೇ ಮಾಡಿ ನೋಡಿದ್ದರು. ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿಗೆ ತುಂಟ ಹುಡುಗರನ್ನು ಕರೆದುಕೊಂಡು ಹೋಗಿ ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸುತ್ತಿದ್ದರು. ಟಿವಿಯಲ್ಲಿ ಬಂದು ಭಾರೀ ಹೆಸರಾಯಿತು, ಬೇರೆ ಬೇರೆ ರಾಜ್ಯಗಳೂ ಶುರು ಮಾಡಿದವು. ಆಮೇಲೆ ಅಂಥ ಕಾರ್ಯಕ್ರಮಕ್ಕೆ ಹೋದ ಹುಡುಗರನ್ನೂ ಹೋಗದ ಅಂಥದೇ ಹುಡುಗರನ್ನೂ ಹೋಲಿಸಿದಾಗ, ಹೋಗಿ ಬಂದವರೇ ಹೆಚ್ಚು ತಪ್ಪು ಮಾಡಿದ್ದರು. ನನಗೇನೂ ಆಶ್ಚರ್ಯ ಆಗಲಿಲ್ಲ. ಹುಡುಗರಿಗೆ ಹೆದರಿಕೆ ಮೂರು ದಿನ. ನಾಲ್ಕನೇ ದಿನ ಅದು ಗೆಳೆಯರ ಮುಂದೆ ಹೇಳಿಕೊಳ್ಳುವ ಕಥೆ.

ಜೈಲಿನಲ್ಲಿ ಸುಧಾರಣೆ ಆಗುವುದೇ ಇಲ್ಲವಾ? ಆಗುತ್ತದೆ, ಕಣ್ಣಾರೆ ಕಂಡಿದ್ದೇನೆ. ನಮ್ಮ ರಾಜ್ಯದ ಜೈಲುಗಳಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ನಾಟಕ ಮಾಡಿಸಿದ್ದು ನಿಮಗೂ ಗೊತ್ತಿರಬಹುದು, ಕೊಲೆ ಮಾಡಿ ಬಂದವರು ತಿಂಗಳುಗಟ್ಟಲೆ ಮಾತು ಕಲಿತು ಹೊರಗಿನ ರಂಗಮಂದಿರದಲ್ಲಿ ಜನರ ಮುಂದೆ ನಿಂತರು. ಬೇಕರಿ, ನೇಯ್ಗೆ, ಬಡಗಿ ಕೆಲಸ, ಓದು ಎಲ್ಲವೂ ಇವೆ. ಆದರೆ ತೊಂದರೆ ಏನೆಂದರೆ ಇವುಗಳಲ್ಲಿ ಹೆಚ್ಚಿನವು ಶಿಕ್ಷೆಯಾದವರಿಗೆ. ನಿಮ್ಮ ತಮ್ಮ ವಿಚಾರಣಾಧೀನ ಕೈದಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು, ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ನಾಲ್ಕರಲ್ಲಿ ಮೂವರು. ನೂರು ಜನರ ಜಾಗದಲ್ಲಿ 131 ಜನ. ವಿಚಾರಣಾಧೀನನಿಗೆ ಕಡ್ಡಾಯ ಕೆಲಸ ಇಲ್ಲ, ಇವತ್ತೋ ನಾಳೆಯೋ ಬೇಲ್ ಆಗಿ ಹೋಗುವವನು ಎಂದು ಯಾವ ತರಬೇತಿಗೂ ಹೆಸರು ಬರೆದುಕೊಳ್ಳುವುದಿಲ್ಲ. ಹೀಗಾಗಿ 19 ವರ್ಷದ ಹುಡುಗ ಬ್ಯಾರಕ್‌ನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಮಾತಾಡುತ್ತಾ ಕೂರುತ್ತಾನೆ. ಯಾರ ಜೊತೆ ಮಾತಾಡುತ್ತಾನೆ ಎಂಬುದೇ ಪ್ರಶ್ನೆ. ಏರಿಯಾದ ಸಣ್ಣ ಗುಂಪಿನವನು ಒಳಗೆ ಹೋಗಿ ಊರಿನ ದೊಡ್ಡ ಗುಂಪುಗಳ ಪರಿಚಯ ಮಾಡಿಕೊಂಡು ಹೊರಗೆ ಬರುವುದು ಹೀಗೆ. ಮಾವನಿಗೆ ಇದನ್ನು ಹೇಳಿ. ಅವರು ಹೇಳುವ ಆ ಆರು ತಿಂಗಳು ಖಾಲಿ ಕೂತ ಆರು ತಿಂಗಳು.

ಏನು ಮಾಡಬಹುದು? ಕೆಲಸ ಮಾಡುವ ಚಿಕಿತ್ಸೆ ಯಾವುದು ಎಂಬುದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಲೈಬೀರಿಯಾದ್ದು. ರಾಜಧಾನಿ ಮನ್ರೋವಿಯಾದಲ್ಲಿ ಕಳ್ಳತನ, ಡ್ರಗ್ಸ್, ಹೊಡೆದಾಟದಲ್ಲಿದ್ದ 999 ಯುವಕರನ್ನು ಆರಿಸಿ, ಕೆಲವರಿಗೆ ಎಂಟು ವಾರ ಆಪ್ತಸಮಾಲೋಚನೆ, ಕೆಲವರಿಗೆ 200 ಡಾಲರ್ ದುಡ್ಡು, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲ. ಸಮಾಲೋಚನೆ ಅಂದರೆ ಭಾಷಣವಲ್ಲ: ಸಿಟ್ಟು ಬಂದಾಗ ಹತ್ತು ಸೆಕೆಂಡು ಏನು ಮಾಡಬೇಕು, ಬಟ್ಟೆ ಹೇಗೆ ಹಾಕಬೇಕು, ಅಂಗಡಿಗೆ, ಬ್ಯಾಂಕಿಗೆ ಹೋಗಿ ಮಾಮೂಲಿ ಮನುಷ್ಯನ ಹಾಗೆ ಹೇಗೆ ಮಾತಾಡಬೇಕು, ಇದನ್ನೇ ಅಭ್ಯಾಸ ಮಾಡಿಸಿದ್ದು. ಹತ್ತು ವರ್ಷ ಕಳೆದು ನೋಡಿದರೂ ಎರಡನ್ನೂ ಪಡೆದವರಲ್ಲಿ ಕಳ್ಳತನದಂಥ ಅಪರಾಧ ಏನೂ ಪಡೆಯದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಬರೀ ದುಡ್ಡು ಪಡೆದವರಲ್ಲಿ ಪರಿಣಾಮ ಬೇಗ ಕರಗಿಹೋಯಿತು. ನಿಮ್ಮ ತಮ್ಮನಿಗೆ ಲೈಬೀರಿಯಾದ ಯೋಜನೆ ಸಿಗುವುದಿಲ್ಲ, ಸರಿ. ಆದರೆ ಜೈಲಿನಲ್ಲಿ ಕೌನ್ಸೆಲರ್ ಇದ್ದಾರಾ ಎಂದು ಕೇಳಿ, ಲಿಖಿತವಾಗಿ ಅರ್ಜಿ ಕೊಡಿ. ಪಿಯುಸಿ ಬಾಕಿ ಇರುವ ವಿಷಯಗಳನ್ನು ಒಳಗಿಂದಲೇ ಬರೆಯುವ ಅನುಮತಿ ಕೇಳಿ. ಗಾಂಜಾ ಅಭ್ಯಾಸ ಇದ್ದರೆ ಮುಚ್ಚಿಡದೆ ಜೈಲಿನ ಡಾಕ್ಟರ್‌ಗೆ ಹೇಳಲಿ. ಜೊತೆಯ ನಾಲ್ವರಿಂದ ಬೇರೆ ಬ್ಯಾರಕ್ ಬೇಕು ಎನ್ನುವ ವಿಷಯದಲ್ಲಿ ಮಾತ್ರ ಆತುರ ಬೇಡ. ಅವನೇ ಕೇಳಿದರೆ 'ಉಲ್ಟಾ ಹೊಡೆದ' ಎಂಬ ಅನುಮಾನ ಬರುತ್ತದೆ. ವಕೀಲರ ಮೂಲಕ, ಓದಿನ ನೆಪದಲ್ಲಿ ಕೇಳುವುದು ಒಳ್ಳೆಯದು.

ಬಿಟ್ಟರೆ ಸುಮ್ನೆ ಬಿಡುತ್ತಾರಾ? ಇದು ನಿಮ್ಮ ಅತಿ ದೊಡ್ಡ ಭಯ ಎಂದು ಗೊತ್ತು. 'ಒಳಗೆ ಬರೋಕೆ ಮಾತ್ರ ದಾರಿ, ಹೊರಗೆ ಹೋಗೋಕೆ ಹೆಣವಾಗಿಯೇ' ಎಂಬುದು ಗುಂಪಿನವರೇ ಹಬ್ಬಿಸುವ ಮಾತು, ಅವರಿಗೆ ಅದರಿಂದ ಲಾಭ ಇದೆ. ಅಮೆರಿಕದ ರಾಚೆಸ್ಟರ್, ಡೆನ್ವರ್‌ನಂಥ ಊರುಗಳಲ್ಲಿ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರಿಗೆ ಕಂಡಿದ್ದು, ಹೆಚ್ಚಿನವರು ಒಂದೆರಡು ವರ್ಷದೊಳಗೆ ತಾವಾಗಿಯೇ ಹೊರಗೆ ಬಿದ್ದಿದ್ದರು. ಬಿಟ್ಟ ಬಹುಪಾಲು ಜನರಿಗೆ ತಮ್ಮ ಗುಂಪಿನಿಂದ ಏನೂ ಆಗಿರಲಿಲ್ಲ. ಯಾಕೆ ಬಿಟ್ಟೆ ಎಂದರೆ ದೊಡ್ಡ ಜ್ಞಾನೋದಯದ ಕಥೆ ಇಲ್ಲ: ಸಾಕಾಯಿತು, ಗೆಳೆಯ ಸತ್ತ, ಮಗು ಆಯಿತು, ಕೆಲಸ ಸಿಕ್ಕಿತು. ನಮ್ಮ ಊರಿನ ಗುಂಪುಗಳು ಅದಕ್ಕಿಂತ ಸಡಿಲ. ಮೂರು ನಾಲ್ಕು ಜನ ಒಳಗಿನವರು, ಉಳಿದವರು ಕರೆದರೆ ಬರುವವರು. ಕರೆದಾಗ ನಾಲ್ಕು ಸಲ ಸಿಗದಿದ್ದರೆ ಐದನೇ ಸಲ ಕರೆಯುವುದಿಲ್ಲ.

ಹಾಗಾದರೆ ಅಪಾಯ ಇಲ್ಲವಾ? ಇದೆ, ಆದರೆ ನೀವು ಅಂದುಕೊಂಡ ಕಡೆಯಿಂದ ಅಲ್ಲ. ಎದುರು ಗುಂಪಿಗೆ ನಿಮ್ಮ ತಮ್ಮ ಬಿಟ್ಟಿದ್ದಾನೆ ಎಂದು ಯಾರು ಹೇಳುತ್ತಾರೆ? ಏಟು ತಿಂದ ಹುಡುಗನ ಕಡೆಯವರಿಗೆ ಅವನು ಇನ್ನೂ ಅಣ್ಣನ ಹುಡುಗನೇ. ಪೊಲೀಸರಿಗೂ ಅಷ್ಟೇ, ಏರಿಯಾದಲ್ಲಿ ಏನೇ ಆದರೂ ಮೊದಲು ಇವನನ್ನು ಎತ್ತಿಕೊಂಡು ಹೋಗುತ್ತಾರೆ. ಇನ್ನೂ ಒಂದು, ಅವನಿಗೆ ದುಡ್ಡಿನ ಲೆಕ್ಕವೋ ಹಳೇ ಕೊಲೆಯ ವಿಷಯವೋ ಗೊತ್ತಿದ್ದರೆ, ಅಥವಾ ಅವನು ಸಾಕ್ಷಿ ಹೇಳುವ ಯೋಚನೆಯಲ್ಲಿದ್ದರೆ, ಮೇಲಿನ ಸಮಾಧಾನದ ಮಾತು ಅವನಿಗೆ ಅನ್ವಯಿಸುವುದಿಲ್ಲ. ಆಗ 2018ರ ಸಾಕ್ಷಿ ರಕ್ಷಣೆ ಯೋಜನೆಯಡಿ ಅರ್ಜಿ ಹಾಕುವ ಬಗ್ಗೆ ವಕೀಲರ ಜೊತೆ ಗುಟ್ಟಾಗಿ ಮಾತಾಡಬೇಕು. 18 ತುಂಬುವ ಮೊದಲೇ ಅವನನ್ನು ಬಡ್ಡಿ ವಸೂಲಿಗೆ ಬಳಸಿಕೊಂಡಿದ್ದರೆ ಅದನ್ನೂ ವಕೀಲರಿಗೆ ಹೇಳಿ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿದ ದೊಡ್ಡವರಿಗೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಇದೂ ವಕೀಲರ ಕಿವಿಯಲ್ಲಿ ಮಾತ್ರ ಇರಲಿ, ಬೀದಿಯಲ್ಲಿ ಬೆದರಿಕೆಯಾಗಿ ಬಳಸಬೇಡಿ.

ಬಿಡುವ ಬಗೆ ಹೇಗಿರಬೇಕು ಅಂದರೆ, ಸದ್ದಿಲ್ಲದೆ. 'ಇವತ್ತಿಂದ ನಿಮ್ಮ ಸಹವಾಸ ಬೇಡ' ಎಂದು ಘೋಷಿಸಿದವರಿಗೆ ತೊಂದರೆ ಜಾಸ್ತಿ ಆಗಿದೆ. 'ಅಮ್ಮನಿಗೆ ಹುಷಾರಿಲ್ಲ', 'ಕೋರ್ಟ್ ಕಂಡೀಷನ್ ಇದೆ', 'ಡ್ಯೂಟಿ ಇದೆ', ಇಂಥ ಒಣ ಕಾರಣಗಳೇ ಕಾಪಾಡುತ್ತವೆ. ನಂಬರ್ ಬದಲಾಯಿಸಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಹಳೇ ಗುಂಪಿನ ಫೋಟೋ ತೆಗೆಯಲಿ, ಆದರೆ ಒಂದೇ ದಿನ ಎಲ್ಲವನ್ನೂ ಅಳಿಸುವುದು ಬೇಡ. ಊರಿಗೆ, ನೆಂಟರ ಮನೆಗೆ ಕಳಿಸುವ ದಾರಿ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಲ್ ಷರತ್ತಿನಲ್ಲಿ ಜಿಲ್ಲೆ ಬಿಡುವಂತಿಲ್ಲ ಎಂದಿದ್ದರೆ ಮೊದಲು ಕೋರ್ಟಿನ ಅನುಮತಿ ತೆಗೆದುಕೊಳ್ಳಿ, ಹಿಯರಿಂಗ್ ತಪ್ಪಿದರೆ ವಾರಂಟ್ ಬರುತ್ತದೆ. ಅಲ್ಲಿ ಹೋಗಿ ಸುಮ್ನೆ ಕೂತರೂ ಪ್ರಯೋಜನವಿಲ್ಲ, ಮೊದಲ ಹಬ್ಬಕ್ಕೆ ವಾಪಸ್ ಓಡಿ ಬರುತ್ತಾನೆ. ಎಸಿ ಮೆಕ್ಯಾನಿಕ್ಕೋ, ವೆಲ್ಡಿಂಗೋ, ಒಬ್ಬ ಮೇಸ್ತ್ರಿಯ ಕೈಕೆಳಗೆ ಬೆಳಗ್ಗೆ ಎಂಟಕ್ಕೆ ಹೋಗಬೇಕಾದ ಕೆಲಸ ಇರಬೇಕು. ದಣಿದು ಮಲಗಬೇಕು. ಅವನ ಕೇಸಿನ ವಿಷಯ ಮೇಸ್ತ್ರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ಕೆಲಸವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ನಿಮ್ಮ ನೆಂಟರಲ್ಲಿ ಯಾರಾದರೂ ಇಷ್ಟು ಹೊತ್ತಿಗೆ 'ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ' ಎಂದಿರಬಹುದು. ಒಳ್ಳೆಯ ಸಂಸಾರ ಗಂಡಸರನ್ನು ಅಪರಾಧದಿಂದ ದೂರ ತರುತ್ತದೆ ಎಂಬುದು ನಿಜವೇ. ಆದರೆ ಕೇಸು ನಡೆಯುತ್ತಿರುವ ಹುಡುಗನಿಗೆ ಇನ್ನೊಬ್ಬರ ಮಗಳನ್ನು ಔಷಧಿಯ ಹಾಗೆ ಕೊಡಿಸುವುದು ಅನ್ಯಾಯ, ಆ ಮಾತು ಎತ್ತಿದವರನ್ನು ಅಲ್ಲೇ ನಿಲ್ಲಿಸಿ.

ರೌಡಿ ಶೀಟ್ ಅಂದರೆ ಶಿಕ್ಷೆಯಲ್ಲ, ಕೋರ್ಟಿನ ತೀರ್ಪೂ ಅಲ್ಲ, ಪೊಲೀಸರು ತಮ್ಮ ಕೈಪಿಡಿಯ ನಿಯಮದಂತೆ ಠಾಣೆಯಲ್ಲಿ ಇಡುವ ದಾಖಲೆ. ಅದು ಓಪನ್ ಆದರೆ ಕಿರಿಕಿರಿ ಇದೆ, ಇಲ್ಲ ಎನ್ನುವುದಿಲ್ಲ: ಪೆರೇಡ್‌ಗೆ ಕರೆಯುತ್ತಾರೆ, ಚುನಾವಣೆ, ಹಬ್ಬ ಬಂದರೆ ಗಲಾಟೆ ಮಾಡುವುದಿಲ್ಲ ಎಂದು ಬಾಂಡ್ ಬರೆಸಿಕೊಳ್ಳುತ್ತಾರೆ, ಕೆಲಸದ ಪೊಲೀಸ್ ವೆರಿಫಿಕೇಶನ್‌ನಲ್ಲಿ ತೊಡಕಾಗುತ್ತದೆ. ಹೊಸ ಕೇಸುಗಳು ಸೇರುತ್ತಾ ಹೋದರೆ 1963ರ ಪೊಲೀಸ್ ಕಾಯ್ದೆಯಡಿ ಗಡಿಪಾರು, ಇನ್ನೂ ಮುಂದಕ್ಕೆ ಹೋದರೆ ಜನ ಗೂಂಡಾ ಕಾಯ್ದೆ ಅನ್ನುವ 1985ರ ಕಾಯ್ದೆಯಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನ. ಆದರೆ ಜೀವನ ಮುಗಿಯುವುದಿಲ್ಲ. ವರ್ಷಗಳ ಕಾಲ ಹೊಸ ಕೇಸಿಲ್ಲದವರ ಶೀಟ್ ಮುಚ್ಚುವುದುಂಟು, ಮೇಲಧಿಕಾರಿಗೆ ಅರ್ಜಿ ಕೊಡಬಹುದು, ಹೈಕೋರ್ಟಿಗೆ ಹೋಗಿ ಹೆಸರು ತೆಗೆಸಿಕೊಂಡವರೂ ಇದ್ದಾರೆ. ಅವನ 17ನೇ ವಯಸ್ಸಿನ ಕೇಸು ಬಾಲನ್ಯಾಯ ಮಂಡಳಿಯಲ್ಲೇ ಮುಗಿದಿರುವುದರಿಂದ ಅದು ಅವನಿಗೆ ಅನರ್ಹತೆ ಆಗುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಯಾರಾದರೂ ಅದನ್ನೂ ಸೇರಿಸಿ 'ಎರಡು ಕೇಸ್ ಇದೆ' ಎಂದರೆ ನಿಮ್ಮ ವಕೀಲರು ಅಲ್ಲೇ ಆಕ್ಷೇಪಿಸಬೇಕು.

ಕೊನೆಗೆ ಅಮ್ಮ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಜೈಲಿನ ಬಾಗಿಲಲ್ಲಿ ಕ್ಯೂ ನಿಂತು, ಚೀಲ ತೆಗೆದು ತೋರಿಸಿ, ಜಾಲರಿ ಆಚೆಯಿಂದ ಮಗನನ್ನು ನೋಡುವುದು ಯಾವ ತಾಯಿಗೂ ಬೇಡ. ಆದರೂ ಬರಲೇಬೇಕು ಎಂದು ನಾನು ಹೇಳುವುದಕ್ಕೆ ಕಾರಣ ಇದೆ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 16,000ಕ್ಕೂ ಹೆಚ್ಚು ಕೈದಿಗಳ ದಾಖಲೆ ನೋಡಿದ್ದಾರೆ. ಒಳಗಿದ್ದಾಗ ನೋಡಲು ಜನ ಬಂದಿದ್ದವರು ಹೊರಗೆ ಹೋಗಿ ಮತ್ತೆ ದೊಡ್ಡ ಅಪರಾಧಕ್ಕೆ ಶಿಕ್ಷೆಗೆ ಒಳಗಾಗುವ ಸಾಧ್ಯತೆ 13% ಕಡಿಮೆ ಇತ್ತು. ಔಷಧಿಯಿಲ್ಲ, ಖರ್ಚಿಲ್ಲ, ಬರೀ ಯಾರೋ ಬಂದು ಕೂತಿದ್ದಕ್ಕೆ. ಇನ್ನೊಂದು ವಿಷಯ, ಮನೆಯವರು ಬರದ ದಿನ ಅಣ್ಣನ ಕಡೆಯವರು ಬರುತ್ತಾರೆ, ಬಟ್ಟೆ, ಬಿಸ್ಕತ್ತು ಹಿಡಿದುಕೊಂಡು.

ಮೊದಲ ಭೇಟಿಯಲ್ಲಿ ಬುದ್ಧಿ ಹೇಳಬೇಡಿ, ಕೇಸಿನ ಮಾತು ಎತ್ತಲೇಬೇಡಿ, ಪಕ್ಕದಲ್ಲಿ ನಿಂತವರು ಕೇಳಿಸಿಕೊಳ್ಳುತ್ತಾರೆ. ಮನೆ ಸುದ್ದಿ ಹೇಳಿ: ಗ್ಯಾಸ್ ಸ್ಟವ್ ರಿಪೇರಿ ಆಯಿತು, ಪಕ್ಕದ ಮನೆ ಅಜ್ಜಿ ನಿನ್ನ ಕೇಳಿದರು. ದುಡ್ಡು ವಾಪಸ್ ಕೊಟ್ಟಿದ್ದನ್ನು ಮಾತ್ರ ಅವನಿಗೆ ನೀವೇ ಹೇಳಬೇಕು, ಬೇರೆಯವರಿಂದ ತಿಳಿಯಬಾರದು. ಅವನಿಗೆ ಸಿಟ್ಟು ಬರಬಹುದು, 'ನನ್ನನ್ನ ಇಲ್ಲೇ ಕೊಳೆಸ್ತೀರಾ?' ಎನ್ನಬಹುದು. ವಕೀಲರ ಹೆಸರು, ಬೇಲ್ ಅರ್ಜಿಯ ತಾರೀಖು, ಶ್ಯೂರಿಟಿಗೆ ಬರುವ ನೆಂಟರ ಹೆಸರು, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ ಹೇಳಿ. ಆಧಾರ್ ಕಾರ್ಡ್ ಮರೆಯಬೇಡಿ, ಅದಿಲ್ಲದೆ ಗೇಟಿನಿಂದಲೇ ವಾಪಸ್ ಕಳಿಸಿಬಿಟ್ಟರೆ ಅಮ್ಮ ಇನ್ನೊಂದು ಸಲ ಬರುವುದು ಅನುಮಾನ.